ಹಿಡಿಯದ ಬ್ರೇಕು

ಆ ಮನೆಯಲ್ಲಿದ್ದದ್ದು ಒಂದೇ ಸೈಕಲ್ಲು. ಬೆಳಿಗ್ಗೆ ಅದನ್ನು ಮಗಳು ಗಿಜ್ಲಾನ್ ಶಾಲೆಗೆ ಒಯ್ಯುತ್ತಿದ್ದಳು. ಮಧ್ಯಾಹ್ನ ಅವಳು ಬಂದು ಗೋಡೆಗೆ ಒರಗಿಸಿದ್ದೇ ತಡ, ಸೊಸೆ ಯಾಮ್ನಾ ಊಟದ ತಟ್ಟೆಯ ಮುಂದಿನಿಂದ ಎದ್ದು, ಬಾಯಲ್ಲಿದ್ದ ರೊಟ್ಟಿಯನ್ನು ಅಗಿಯುತ್ತಲೇ ತಲೆವಸ್ತ್ರ ಬಿಗಿದುಕೊಂಡು ಅದೇ ಸೈಕಲ್ ಹತ್ತುತ್ತಿದ್ದಳು. ತಾರೂದಾಂತ್ ಊರಿನ ಕೋಟೆಬಾಗಿಲು ದಾಟಿ, ಒಣಗಿದ ಹೊಳೆಯ ಕಡೆಗೆ ಇಳಿಯುವ ರಸ್ತೆಯಲ್ಲಿ ಹೋದರೆ ಕಿತ್ತಳೆ ಪ್ಯಾಕ್ ಮಾಡುವ ಶೆಡ್ಡು. ಅಲ್ಲಿ ಅವಳದು ಮಧ್ಯಾಹ್ನದ ಪಾಳಿ. ಆ ಊರಲ್ಲಿ ಹೆಂಗಸರು ಸೈಕಲ್ ತುಳಿಯುವುದು ನೀರು ಸೇದಿದಷ್ಟೇ ಸಹಜ. ಯಾರೂ ತಿರುಗಿ ನೋಡುವುದಿಲ್ಲ.

ಸೈಕಲ್ಲಿನ ಆರೈಕೆ ಮಾತ್ರ ಮಾವ ಬೀಹಿಯವರದು. ಕೋಟೆಬಾಗಿಲ ಪಕ್ಕದ ಸೈಕಲ್ ರಿಪೇರಿ ಅಂಗಡಿಯಲ್ಲಿ ಅವರು ಒಂದು ಆಯುಷ್ಯವನ್ನೇ ಕಳೆದಿದ್ದರು. ಊರಿನವರ ಬಾಯಲ್ಲಿ ಅವರು ಮಾಲೆಮ್ ಬೀಹಿ. ಕಸುಬು ಕಲಿಸಬಲ್ಲವನಿಗೆ ಮಾತ್ರ ಸಲ್ಲುವ ಹೆಸರು ಅದು. ಸೊಂಟ ಸೋತ ಮೇಲೆ ಅಂಗಡಿಯನ್ನು ಶಿಷ್ಯ ಬೂಜಮಾಗೆ ಬಿಟ್ಟುಕೊಟ್ಟು ಮನೆ ಸೇರಿದ್ದರು. ಉಪಕರಣದ ಪೆಟ್ಟಿಗೆಯನ್ನು ಮಾತ್ರ ಬಿಡಲಿಲ್ಲ. ಅದು ಅಂಗಳದ ನಿಂಬೆಗಿಡದ ಬುಡದಲ್ಲಿರುತ್ತಿತ್ತು, ಅವರೂ ಅಲ್ಲೇ ಇರುತ್ತಿದ್ದರು.

ಕಿತ್ತಳೆ ಹಂಗಾಮು ಶುರುವಾದ ವಾರದಲ್ಲೇ ಯಾಮ್ನಾಗೆ ಬ್ರೇಕಿನ ತೊಂದರೆ ಗೊತ್ತಾಯಿತು. ಇಳಿಜಾರಿನಲ್ಲಿ ಎರಡೂ ಹಿಡಿಗಳನ್ನು ಒತ್ತಿದರೂ ಸೈಕಲ್ಲು ಸದ್ದಿಲ್ಲದೆ ಮುಂದಕ್ಕೇ ಜಾರುತ್ತಿತ್ತು. ಕೆಳಗಿನ ತಿರುವಿನಲ್ಲಿ ಹಣ್ಣಿನ ಲಾರಿಗಳು ಹೆದ್ದಾರಿಗೆ ಏರುವ ಜಾಗ. ಅವಳು ಚಪ್ಪಲಿಯನ್ನು ನೆಲಕ್ಕೆ ಉಜ್ಜಿಕೊಂಡು ನಿಲ್ಲಿಸುವುದನ್ನು ಕಲಿತಳು. ಕೆಲವೇ ದಿನಗಳಲ್ಲಿ ಬಲಗಾಲಿನ ಚಪ್ಪಲಿಯ ಅಟ್ಟೆ ಸವೆದು ಕಾಗದದಂತಾಯಿತು.

ಊಟದ ಹೊತ್ತಿಗೆ ಆ ವಿಷಯ ತೆಗೆದಳು. ಎಲ್ಲರೂ ತಾಜೀನಿನ ಒಂದೇ ಮಣ್ಣಿನ ಬೋಗುಣಿಯ ಸುತ್ತ ಕೂತು ರೊಟ್ಟಿಯ ಚೂರಿನಲ್ಲಿ ತರಕಾರಿ ಎತ್ತಿಕೊಳ್ಳುತ್ತಿದ್ದರು. ಗಿಜ್ಲಾನ್ ಕೂಡಲೇ ಅತ್ತಿಗೆಯ ಮಾತಿಗೆ ಹೂಂ ಎಂದಳು; ತನಗೂ ಹಾಗೇ ಆಗಿದೆ, ನಿನ್ನೆ ಒಬ್ಬ ಪುದೀನ ಮಾರುವವನ ಬುಟ್ಟಿಗೆ ಹೋಗಿ ತಾಗಿದೆ ಎಂದಳು. ಬೀಹಿಯವರು ನಕ್ಕರು. ಬ್ರೇಕಿನ ವೈರು ಹೊಸದಾಗಿದ್ದಾಗ ಎಳೆದುಕೊಂಡು ಸಡಿಲವಾಗುತ್ತದೆ, ಅಷ್ಟೇ, ಸಂಜೆ ಬಿಗಿ ಮಾಡುತ್ತೇನೆ ಎಂದರು. ಮಾಡಿದರು ಕೂಡ. ಮಾರನೇ ದಿನ ಹಿಡಿ ಮುಟ್ಟಿದರೆ ಸಾಕು, ರಬ್ಬರು ಚಕ್ರಕ್ಕೆ ಬಂದು ಕೂರುತ್ತಿತ್ತು. ಆದರೂ ಸೈಕಲ್ಲು ನಿಲ್ಲಲಿಲ್ಲ.

ಆಮೇಲೆ ಅವರು ರಬ್ಬರುಗಳನ್ನೇ ಬದಲಿಸಿದರು. ಹೊಸ ರಬ್ಬರು ಒಂದು ದಿನ ಕಿರುಚಿಕೊಂಡು ಹಿಡಿಯಿತು. ಮರುದಿನದಿಂದ ಮತ್ತೆ ಅದೇ ಮೌನ, ಅದೇ ಜಾರಾಟ. ಯಾಮ್ನಾ ಇನ್ನೊಮ್ಮೆ ಹೇಳಿದಾಗ ಗಂಡ ಎಂಬಾರಕ್ ರೊಟ್ಟಿ ಕೆಳಗಿಟ್ಟ. ಅವನು ಗ್ಯಾಸ್ ಸಿಲಿಂಡರ್ ಹಂಚುವ ವ್ಯಾನು ಓಡಿಸುವವನು. ಮನೆಗೆ ಬಂದ ಮೇಲೂ ಸಿಲಿಂಡರಿನ ಸದ್ದು ತಲೆಯಲ್ಲೇ ಇರುತ್ತದೆ ಎಂದು ಹೇಳಿಕೊಳ್ಳುತ್ತಿದ್ದ.

"ಬಾಬಾ ಕೈ ಹಾಕಿದ ಬ್ರೇಕು ಹಿಡಿಯಲ್ಲ ಅಂತ ಈ ಊರಲ್ಲಿ ಇವತ್ತಿನವರೆಗೂ ಯಾರೂ ಅಂದಿಲ್ಲ," ಎಂದ. "ನಮ್ಮನೆಯಿಂದಲೇ ಶುರು ಆಗ್ಬೇಕಾ?"

"ನಾನು ಬಾಬಾನ ಅಂದಿದ್ದಲ್ಲ. ಬ್ರೇಕನ್ನ ಅಂದಿದ್ದು."

"ಎರಡೂ ಒಂದೇ."

ಅತ್ತೆ ಕಲ್ತೂಮ ಚಹಾದ ಲೋಟಗಳನ್ನು ಜೋಡಿಸುತ್ತಿದ್ದರು. ಕೊನೆಗೆ, ನಿಧಾನಕ್ಕೆ ಹೋದರೆ ಬ್ರೇಕೇ ಬೇಡ, ಕೋಟೆಬಾಗಿಲ ಹತ್ತಿರ ಇಳಿದು ನಡೆದುಕೊಂಡು ಹೋಗು, ಏನು ಕಳೆದುಕೊಳ್ಳುತ್ತೀಯಾ ಎಂದು ಸೊಸೆಗೆ ಹೇಳಿದರು. ಪಾಳಿಗೆ ತಡವಾದರೆ ಬಾಗಿಲಲ್ಲೇ ವಾಪಸು ಕಳಿಸುತ್ತಾರೆ ಎಂಬುದು ಅವರಿಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ಯಾಮ್ನಾ ಊಟ ಬಿಟ್ಟು ಬೇಗ ಹೊರಟು ಬೂಜಮಾನ ಅಂಗಡಿಯ ಮುಂದೆ ಇಳಿದಳು. ಗುರುವಿನ ಮನೆಯ ಸೈಕಲ್ಲನ್ನು ನೋಡಿ ಅವನು ಗಾಬರಿಯಿಂದ ಎದ್ದು ನಿಂತ. ಅದನ್ನು ಬೀದಿಯಲ್ಲಿ ಬಿಡದೆ ಒಳಗೆ, ಟೈರುಗಳ ಹಿಂದಕ್ಕೆ ಒಯ್ದ. ಯಾರಾದರೂ ನೋಡಿದರೆ ಮಾಲೆಮ್‌ಗೆ ಅವಮಾನ ಎಂದ. ವೈರು ಎಳೆದು ನೋಡಿದ, ಸರಿಯಾಗಿತ್ತು. ರಬ್ಬರು ಹೊಸದು, ರಿಮ್ಮಿಗೆ ನೇರವಾಗಿ ಕೂತಿತ್ತು. ಇಷ್ಟು ಒಪ್ಪವಾಗಿ ಕೂರಿಸಿದ್ದಾರಲ್ಲ, ಇದು ಹೇಗೆ ಹಿಡಿಯುವುದಿಲ್ಲ ಎಂದು ಗೊಣಗಿದ. ಆಮೇಲೆ ರಿಮ್ಮಿನ ಮೇಲೆ ಬೆರಳು ಎಳೆದು ಮೂಸಿದ. ಅವನ ಮುಖದ ಬಣ್ಣ ಇಳಿಯಿತು.

"ಎಣ್ಣೆ," ಎಂದ. "ಮನೇಲಿ ಯಾರೋ ರಿಮ್ಮಿಗೆ ಎಣ್ಣೆ ಒರೆಸ್ತಿದ್ದಾರೆ."

ಸೀಮೆಎಣ್ಣೆಯಲ್ಲೂ ಸೋಪಿನ ನೀರಿನಲ್ಲೂ ಎರಡೂ ರಿಮ್ಮು ತೊಳೆದು, ರಬ್ಬರಿನ ಮೇಲ್ಮೈಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಕೊಟ್ಟ. ತೊಳೆಯುತ್ತಾ, ತಾನು ಹುಡುಗನಾಗಿ ಆ ಅಂಗಡಿಗೆ ಸೇರಿದ ಹೊಸತರಲ್ಲಿ ಚೈನಿಗೆ ಎಣ್ಣೆ ಬಿಟ್ಟ ಕೈಯಲ್ಲೇ ರಿಮ್ಮು ಮುಟ್ಟಿದ್ದಕ್ಕೆ ಮಾಲೆಮ್ ಕೆನ್ನೆಗೆ ಬಾರಿಸಿದ್ದನ್ನು ಹೇಳಿದ. ಮನೆಯಲ್ಲಿ ಅವರಿಗೆ ಹೇಳಿ, ಎಂದವನು ತಕ್ಷಣ ತಿದ್ದಿಕೊಂಡು, ಬೇಡ, ಹೇಳಬೇಡಿ ಎಂದ.

ಅಂದು ಇಳಿಜಾರಿನಲ್ಲಿ ಬ್ರೇಕು ಕೀರಲು ದನಿಯಲ್ಲಿ ಕೂಗಿ ಹಿಡಿಯಿತು. ಯಾಮ್ನಾಗೆ ಸಂತೋಷದಿಂದ ಕಣ್ಣೇ ತುಂಬಿತು. ಬಯಲ ಗಾಳಿ, ಶೆಡ್ಡಿನ ಬೆಲ್ಟಿನ ಮೇಲೆ ಉರುಳಿ ಬರುವ ಹಣ್ಣು, ಪಕ್ಕದಲ್ಲಿ ನಿಂತ ಹೆಂಗಸರ ಪೋಲಿ ಹಾಡು, ನೀಲಿ ಟೊಪ್ಪಿಗೆಯ ಕೆಳಗೆ ಬೆವರುವ ತಲೆ, ಇಷ್ಟೇ ಅವಳ ದಿನದಲ್ಲಿ ಅವಳದೆಂದು ಇದ್ದದ್ದು. ಸಂಬಳ ಕರೆಂಟಿಗೂ ಗಿಜ್ಲಾನಳ ಪುಸ್ತಕಕ್ಕೂ ಹೋಗುತ್ತಿತ್ತು, ಅದರ ಬಗ್ಗೆ ಅವಳಿಗೆ ಬೇಜಾರಿರಲಿಲ್ಲ. ಮದುವೆಯಾಗಿ ಐದಾರು ವರ್ಷವಾದರೂ ಮಡಿಲು ತುಂಬಿರಲಿಲ್ಲ; ಮನೆಯಲ್ಲಿದ್ದರೆ ಓಣಿಯ ಹೆಂಗಸರು ಬಂದು ಅದನ್ನೇ ಕೆದಕುತ್ತಿದ್ದರು. ಶೆಡ್ಡಿನಲ್ಲಿ ಯಾರೂ ಕೇಳುತ್ತಿರಲಿಲ್ಲ.

ಶುಕ್ರವಾರ ಶೆಡ್ಡಿಗೆ ರಜೆ; ಕುಸ್ಕುಸ್ ಊಟವಾಗಿ ಎಂಬಾರಕ್ ಮಲಗಿದ್ದ. ಯಾಮ್ನಾ ಪಾತ್ರೆ ತೊಳೆಯುತ್ತಾ ಅಂಗಳದತ್ತ ನೋಡಿದಳು. ಬೀಹಿಯವರು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಎಣ್ಣೆಡಬ್ಬಿಯಲ್ಲಿ ಚಿಂದಿ ಅದ್ದಿ, ಚಕ್ರವನ್ನು ನಿಧಾನಕ್ಕೆ ತಿರುಗಿಸುತ್ತಾ ರಿಮ್ಮನ್ನು ಒರೆಸುತ್ತಿದ್ದರು. ಮಗುವಿನ ಮೈ ಒರೆಸುವಂತೆ ಒರೆಸುತ್ತಿದ್ದರು. ಉಕ್ಕು ಬಿಸಿಲಿಗೆ ಕನ್ನಡಿಯಾಗಿತ್ತು. ಅವಳು ಕೈ ಒರೆಸಿಕೊಂಡು ಹತ್ತಿರ ಹೋಗಿ, ಬಾಬಾ, ರಿಮ್ಮಿಗೆ ಎಣ್ಣೆಯೇ ಎಂದು ಮೆಲ್ಲಗೆ ಕೇಳಿದಳು. ಅವರು ಕೈಯಲ್ಲಿದ್ದ ಚಿಂದಿಯನ್ನು, ಯಾರೋ ಅದನ್ನು ಈಗಷ್ಟೇ ತಮ್ಮ ಕೈಗೆ ತುರುಕಿದರೆಂಬಂತೆ ನೋಡಿದರು. ಆಮೇಲೆ ಸಿಟ್ಟಾದರು. ರಿಮ್ಮಿಗೆ ಎಣ್ಣೆ ಹಾಕುವಷ್ಟು ಕತ್ತೆ ಯಾರು, ನೀನೇ ಅಡುಗೆ ಕೈಯಲ್ಲಿ ಮುಟ್ಟಿರಬೇಕು ಎಂದರು. ಆ ದನಿಗೆ ಎಂಬಾರಕ್ ಎದ್ದು ಬಂದ. ಸೊಸೆ ಮಾವನಿಗೆ ಕಸುಬು ಕಲಿಸಲು ಹೊರಟಿದ್ದಾಳೆ ಎಂಬಷ್ಟೇ ಅವನಿಗೆ ಅರ್ಥವಾದದ್ದು.

ಅವಳು ಎಣ್ಣೆಡಬ್ಬಿಯನ್ನು ಒಲೆಯ ಹಿಂದೆ ಬಚ್ಚಿಟ್ಟಳು. ಬೀಹಿಯವರು ಅಡುಗೆಮನೆಯಿಂದ ಆಲಿವ್ ಎಣ್ಣೆಯ ಬಾಟಲಿ ಒಯ್ದರು. ಮರುದಿನ ಬೆಳಿಗ್ಗೆ ಬಾಟಲಿ ಅರ್ಧವಾದದ್ದನ್ನು ಯಾಮ್ನಾ ಅತ್ತೆಗೆ ತೋರಿಸಿದಳು. ಕಲ್ತೂಮ ರೊಟ್ಟಿಯ ಹಿಟ್ಟು ನಾದುತ್ತಿದ್ದರು. ಕೈ ನಿಲ್ಲಿಸಲಿಲ್ಲ. ನಾನೇ ಚೆಲ್ಲಿಕೊಂಡೆ ಎಂದರು.

"ಅತ್ತೆ, ನಾನು ನೋಡಿದ್ದೀನಿ."

ಹಿಟ್ಟಿನಲ್ಲಿ ಕೈಗಳು ನಿಂತವು. ಕಲ್ತೂಮ ಬಾಗಿಲ ಕಡೆ ನೋಡಿ, ಬಾ ಕೂತ್ಕೋ ಎಂದರು. ಆಮೇಲೆ ಒಂದೊಂದಾಗಿ ಹೇಳಿದರು. ಬೇಸಿಗೆಯಲ್ಲಿ ಮಸೀದಿಯಿಂದ ಬರುವಾಗ ಬೀಹಿಯವರು ಓಣಿ ತಪ್ಪಿ ಚರ್ಮ ಹದ ಮಾಡುವವರ ಕೇರಿಯಲ್ಲಿ ಕೂತಿದ್ದರು. ಕಲ್ತೂಮರೇ ಹುಡುಕಿ, ಸಂತೆಗೆ ಒಟ್ಟಿಗೆ ಹೋಗಿದ್ದೆವು ಎಂದು ಮಗನಿಗೆ ಸುಳ್ಳು ಹೇಳಿ ಕರೆತಂದಿದ್ದರು. ಒಂದು ದಿನ ರೊಟ್ಟಿಯ ಬುಟ್ಟಿಯಲ್ಲಿ ಚಪ್ಪಲಿ ಸಿಕ್ಕಿತ್ತು. ಇನ್ನೊಂದು ದಿನ ಅವರು ಹೆಂಡತಿಯನ್ನೇ ನೋಡಿ, ನಿಮ್ಮ ಗಂಡ ಮನೆಯಲ್ಲಿದ್ದಾರಾ ಎಂದು ಕೇಳಿದ್ದರು.

ಯಾಮ್ನಾ, ಎಂಬಾರಕನಿಗೆ ಹೇಳಿ ವೈದ್ಯರಿಗೆ ತೋರಿಸಬೇಕಲ್ಲವೇ ಎಂದಳು.

"ಹೇಳ್ಬಿಟ್ಟರೆ ಅದು ನಿಜ ಆಗ್ಬಿಡುತ್ತೆ," ಎಂದರು ಕಲ್ತೂಮ. "ಆಮೇಲೆ ಇವರನ್ನ ಒಂಟಿಯಾಗಿ ಬಿಡೋ ಹಾಗಿಲ್ಲ ಅಂತಾರೆ. ಕಾಯೋರು ಯಾರು? ನನ್ನ ಮಂಡಿ ನೋಡಿದ್ದೀಯ, ಬಾಗಿಲ ತನಕ ಹೋಗೋಕೆ ಗೋಡೆ ಹಿಡೀಬೇಕು. ಗಿಜ್ಲಾನ್‌ಗೆ ಪರೀಕ್ಷೆ. ಎಂಬಾರಕ್ ವ್ಯಾನು ಬಿಡ್ತಾನಾ? ಲೆಕ್ಕ ಹಾಕು, ಯಾಮ್ನಾ. ಉಳಿಯೋದು ಯಾರು?"

ಯಾಮ್ನಾಗೆ ಲೆಕ್ಕ ಹಾಕುವ ಅಗತ್ಯವಿರಲಿಲ್ಲ.

"ಸೋಪು ನೀರು ಹಾಕಿ ತೊಳ್ಕೊಂಡು ಹೋಗು," ಎಂದು ಅತ್ತೆ ಮತ್ತೆ ಹಿಟ್ಟಿಗೆ ಕೈ ಹಾಕಿದರು. "ಅವರು ಒರಸ್ಲಿ, ನೀನು ತೊಳಿ. ಎಷ್ಟು ದಿನ ಹೀಗೆ ನಡೆಯುತ್ತೋ ಅಷ್ಟು ದಿನ ನಡೀಲಿ. ನಿನಗೂ ಒಳ್ಳೇದು, ನನಗೂ ಒಳ್ಳೇದು."

ಹಾಗೆಯೇ ನಡೆಯಿತು. ಯಾಮ್ನಾ ಬೆಳಗಿನ ಬಾಂಗಿಗೆ ಎದ್ದು, ಎಲ್ಲರಿಗಿಂತ ಮೊದಲು ಅಂಗಳಕ್ಕಿಳಿದು, ಬಿಸಿನೀರಲ್ಲಿ ಸೋಪು ಕರಗಿಸಿ ಎರಡು ರಿಮ್ಮನ್ನೂ ತೊಳೆದು ಒಣಬಟ್ಟೆಯಲ್ಲಿ ಒರೆಸುತ್ತಿದ್ದಳು. ಸಂಜೆ ಅವಳು ಪಾಳಿ ಮುಗಿಸಿ ಬಂದದ್ದೇ ಬೀಹಿಯವರು ಸೈಕಲ್ಲನ್ನು ಅವಳ ಕೈಯಿಂದ ಇಸಿದುಕೊಂಡು, ದಾರಿಯ ದೂಳನ್ನು ನೋಡಿ ಲೊಚಗುಟ್ಟಿ, ಎಣ್ಣೆ ಹಚ್ಚಲು ಕೂರುತ್ತಿದ್ದರು. ಹಿಡಿಗಳು ಚಕ್‌ ಎಂದು ಬಿಗಿಯಾಗಿದ್ದವು, ವೈರು ಸರಿಯಿತ್ತು. ಅವರ ಕೈ ಒಂದನ್ನೂ ಮರೆತಿರಲಿಲ್ಲ, ಆ ಒಂದನ್ನು ಬಿಟ್ಟು. ಡಿಸೆಂಬರಿನ ಚಳಿಯಲ್ಲಿ ಯಾಮ್ನಾಳ ಬೆರಳ ಸಂದಿಗಳು ಒಡೆದವು. ಯಾಕೆ ಇಷ್ಟು ಬೇಗ ಏಳುತ್ತೀಯ ಎಂದು ಎಂಬಾರಕ್ ಕೇಳಿದ್ದಕ್ಕೆ, ನಮಾಜಿಗೆ ಎಂದಳು. ಅವನು ಮೆಚ್ಚಿಕೊಂಡ. ಗಂಡನಿಗೆ ದೇವರ ಹೆಸರಲ್ಲಿ ಸುಳ್ಳು ಹೇಳಿದ್ದು ಅವಳಿಗೆ ಆ ಇಡೀ ದಿನ ಚುಚ್ಚುತ್ತಿತ್ತು.

ಹಡಗಿಗೆ ಹಣ್ಣು ತುಂಬಿಸುವ ಅವಸರ ಬಿದ್ದ ವಾರ ಶೆಡ್ಡಿನಲ್ಲಿ ಪಾಳಿಯ ಮೇಲೆ ಪಾಳಿ ಮಾಡಿಸಿದರು. ಯಾಮ್ನಾ ಜ್ವರ ಹತ್ತಿಸಿಕೊಂಡು ಮನೆಗೆ ಬಂದವಳು ಹಾಸಿಗೆಗೆ ಬಿದ್ದಳು. ಬೆಳಗಿನ ಬಾಂಗು ಅವಳಿಗೆ ಕೇಳಿಸಲಿಲ್ಲ. ಎಚ್ಚರವಾದಾಗ ಬಿಸಿಲು ಕಿಟಕಿಯಲ್ಲಿತ್ತು. ಅಂಗಳದಲ್ಲಿ ಸೈಕಲ್ಲು ಇರಲಿಲ್ಲ. ಅವಳು ಬರಿಗಾಲಲ್ಲೇ ಬೀದಿಗೆ ಓಡಿದಳು. ಓಣಿಯ ತುದಿಯಲ್ಲಿ ಬೂಜಮಾ ಒಂದು ಕೈಯಲ್ಲಿ ಸೈಕಲ್ಲನ್ನು ಎಳೆದುಕೊಂಡು, ಇನ್ನೊಂದು ಕೈಯಲ್ಲಿ ಗಿಜ್ಲಾನಳ ಭುಜ ಹಿಡಿದುಕೊಂಡು ಬರುತ್ತಿದ್ದ.

ಕೋಟೆಬಾಗಿಲ ಕಮಾನಿನೊಳಗಿಂದ ಹುಲ್ಲು ತುಂಬಿದ ಕುದುರೆಗಾಡಿ ಎದುರಾಗಿತ್ತು. ಹುಡುಗಿ ಎರಡೂ ಹಿಡಿ ಒತ್ತಿದಳು, ಸೈಕಲ್ಲು ಜಾರಿತು, ಅವಳು ಗೋಡೆಯ ಕಡೆ ಹೊರಳಿಸಿಕೊಂಡಳು. ಬಲಗೈಯ ಮಣಿಕಟ್ಟು ಮುರಿದಿತ್ತು. ಕೆನ್ನೆ ಕೋಟೆಯ ಮಣ್ಣಿಗೆ ಉಜ್ಜಿ ಕೆಂಪಾಗಿತ್ತು. ಅರ್ಧವಾರ್ಷಿಕ ಪರೀಕ್ಷೆ ಮುಂದಿನ ವಾರವೇ ಇತ್ತು.

ಆಸ್ಪತ್ರೆಯಿಂದ ಪಟ್ಟಿ ಕಟ್ಟಿಸಿಕೊಂಡು ಬಂದ ದಿನ ಮಧ್ಯಾಹ್ನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಬೀಹಿಯವರು ಸೈಕಲ್ಲನ್ನು ತಂದು ಎಲ್ಲರ ಮುಂದೆ ನಿಲ್ಲಿಸಿ ಹಿಡಿ ಒತ್ತಿ ತೋರಿಸಿದರು. ನಿಂತ ಸೈಕಲ್ಲಿಗೆ ಬ್ರೇಕು ಹಿಡಿಯದೆ ಏನು ಮಾಡೀತು? ನೋಡಿ, ಎಂದರು, ಬ್ರೇಕು ಕಲ್ಲಿನ ಹಾಗಿದೆ, ಹುಡುಗಿಗೆ ಲಕ್ಷ್ಯವಿಲ್ಲ. ಎಂಬಾರಕ್ ಅದನ್ನೇ ಹಿಡಿದುಕೊಂಡ. ತಂಗಿ ಮೊಬೈಲು ನೋಡುತ್ತಾ ಹೋಗಿರಬೇಕು ಎಂದ. ಮೊಬೈಲು ಚೀಲದಲ್ಲಿತ್ತು ಎಂದು ಗಿಜ್ಲಾನ್ ಅತ್ತಳು. ಅವನು ಕೇಳಿಸಿಕೊಳ್ಳಲಿಲ್ಲ. ಹೇಗೂ ಪರೀಕ್ಷೆ ತಪ್ಪಿತು, ಕೈಯೂ ಮುರಿದಿದೆ, ಈ ವರ್ಷ ಶಾಲೆ ಸಾಕು, ಮನೆಯಲ್ಲಿರಲಿ, ಮುಂದಿನ ವರ್ಷ ನೋಡೋಣ ಎಂದ. ಮುಂದಿನ ವರ್ಷ ಎಂದರೆ ಏನೆಂದು ಆ ಓಣಿಯ ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತಿತ್ತು.

ಯಾಮ್ನಾ ಅತ್ತೆಯ ಕಡೆ ನೋಡಿದಳು. ಕಲ್ತೂಮ ಕಣ್ಣಲ್ಲೇ ಬೇಡ ಎಂದರು. ಬಿಟ್ಟುಬಿಡು, ನಿನ್ನ ಕಾಲಿನ ಮೇಲೆ ನೀನೇ ಕಲ್ಲು ಹಾಕಿಕೊಳ್ಳಬೇಡ ಎನ್ನುತ್ತಿತ್ತು ಆ ನೋಟ. ಗಿಜ್ಲಾನ್ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಿದ್ದಳು.

"ಬಾಬಾ," ಎಂದಳು ಯಾಮ್ನಾ, "ರಿಮ್ಮಿಗೆ ಎಣ್ಣೆ ತಾಗಿದರೆ ಏನಾಗುತ್ತೆ?"

ಬೀಹಿಯವರು ಬೆನ್ನು ನೆಟ್ಟಗೆ ಮಾಡಿಕೊಂಡರು. ಪ್ರಶ್ನೆ ಕೇಳಿದ್ದು ಅವರಿಗೆ ಇಷ್ಟವಾಯಿತು. "ಏನಾಗುತ್ತೆ? ಜನ ಸಾಯ್ತಾರೆ. ರಬ್ಬರು ಎಣ್ಣೆ ಕುಡಿಯುತ್ತೆ, ಆಮೇಲೆ ಎಷ್ಟು ಬಿಗಿ ಮಾಡಿದರೂ ಜಾರುತ್ತೆ. ಹುಡುಗರಿಗೆ ನಾನು ಮೊದಲನೇ ದಿನ ಹೇಳಿಕೊಡೋ ಪಾಠವೇ ಅದು."

ಅವಳು ತಲೆವಸ್ತ್ರದ ಬಿಳಿ ಸೆರಗನ್ನು ರಿಮ್ಮಿನ ಮೇಲೆ ಒಂದು ಸಲ ಎಳೆದು ತೋರಿಸಿದಳು. ಕಪ್ಪು ಎಣ್ಣೆಯ ಗೆರೆ ಮೂಡಿತ್ತು. ಬೀಹಿಯವರು ಬಗ್ಗಿ ನೋಡಿದರು, ಬೆರಳಿಟ್ಟು ನೋಡಿದರು. ಅವರ ಮುಖ ಕೆಂಪಾಯಿತು.

"ಇದನ್ನ ಯಾರು ಹಚ್ಚಿದ್ದು?"

ಯಾಮ್ನಾ ಸೆರಗನ್ನು ಮಡಚಿಕೊಂಡಳು. ಏನೂ ತಿಳಿಯದ ಗಿಜ್ಲಾನ್ ತಲೆಯೆತ್ತಿ, ನೀವೇ ಅಲ್ಲವಾ ಬಾಬಾ, ದಿನಾ ಸಂಜೆ ನೀವೇ ಒರಸ್ತೀರಲ್ಲ, ಎಂದುಬಿಟ್ಟಳು.

ಮುದುಕರ ಕೈ ತಾನಾಗಿ ಉದ್ದ ನಿಲುವಂಗಿ ಜಲ್ಲಾಬದ ಜೇಬಿಗೆ ಹೋಯಿತು. ಚಿಂದಿ ಅಲ್ಲೇ ಇತ್ತು. ಅದನ್ನು ಹೊರಗೆ ತೆಗೆದು ಮೂಸಿದರು. ತುಂಬ ಹೊತ್ತು ಅದನ್ನೇ ಹಿಡಿದುಕೊಂಡಿದ್ದರು. ಆಮೇಲೆ ಮಗನನ್ನೂ ನೋಡಲಿಲ್ಲ, ಸೊಸೆಯನ್ನೂ ನೋಡಲಿಲ್ಲ. ಹೆಂಡತಿಯ ಕಡೆ ತಿರುಗಿದರು.

"ನಾನಾ, ಕಲ್ತೂಮ?"

ಕಲ್ತೂಮ ಗೋಡೆ ಹಿಡಿದು ಎದ್ದು, ಒಳಗೆ ಹೋದರು.

ವೈದ್ಯರು ಹೇಳಿದ್ದು ಹೊಸದೇನೂ ಆಗಿರಲಿಲ್ಲ. ಇದು ಇಳಿಯುತ್ತಾ ಹೋಗುವ ಕಾಯಿಲೆ, ಒಲೆ, ಬೀದಿ, ಬಾವಿ, ಯಾವುದರ ಹತ್ತಿರವೂ ಒಂಟಿಯಾಗಿ ಬಿಡಬೇಡಿ ಎಂದರು. ಮನೆಗೆ ಬಂದ ಮೇಲೆ ಎಂಬಾರಕ್ ತಂಗಿಯ ತಲೆ ಸವರಿ, ಶಾಲೆ ಬಿಡುವುದು ಬೇಡ, ಮೇಷ್ಟ್ರನ್ನು ಕಂಡು ಪರೀಕ್ಷೆಯ ವಿಷಯ ಮಾತಾಡುತ್ತೇನೆ ಎಂದ. ಗಿಜ್ಲಾನ್ ಎದ್ದು ಬಂದು ಯಾಮ್ನಾಳ ಕೊರಳು ತಬ್ಬಿಕೊಂಡಳು. ಯಾಮ್ನಾ ಅವಳ ಬೆನ್ನು ತಟ್ಟುತ್ತಾ, ಗಂಡ ಇನ್ನೇನು ಹೇಳುತ್ತಾನೆಂದು ಕಾದಳು.

ಅವನು ಅದನ್ನು ಮರುದಿನ ಊಟದ ಹೊತ್ತಿಗೆ ಹೇಳಿದ. ದನಿ ಮೆತ್ತಗಿತ್ತು. ಸ್ವಲ್ಪ ದಿನದ ಮಟ್ಟಿಗೆ ಶೆಡ್ಡಿಗೆ ಹೋಗುವುದನ್ನು ನಿಲ್ಲಿಸು ಎಂದ.

"ಸ್ವಲ್ಪ ದಿನ ಅಂದರೆ?"

"ಬಾಬಾ ಸುಧಾರಿಸೋ ತನಕ."

"ಇದು ಸುಧಾರಿಸಲ್ಲ ಅಂತ ಡಾಕ್ಟ್ರು ನಿಮ್ಮ ಮುಂದೆಯೇ ಹೇಳಿದ್ರಲ್ಲ."

ಅವನು ರೊಟ್ಟಿ ಮುರಿಯುತ್ತಾ ಕೂತ. ಮಧ್ಯಾಹ್ನದ ಹೊತ್ತಿಗೆ ಯಾರನ್ನಾದರೂ ಗೊತ್ತು ಮಾಡೋಣ, ನನ್ನ ಸಂಬಳದಲ್ಲಿ ಕೊಡುತ್ತೇನೆ ಎಂದು ಯಾಮ್ನಾ ಹೇಳಿದಳು. ಹೊರಗಿನವಳು ಬಂದು ಮಾಲೆಮ್ ಬೀಹಿಯ ಸ್ಥಿತಿ ನೋಡಿ ಊರೆಲ್ಲ ಸಾರುವುದು ಬೇಡ ಎಂದ. ಗಿಜ್ಲಾನ್ ಮಧ್ಯಾಹ್ನ ತಾನು ನೋಡಿಕೊಳ್ಳುತ್ತೇನೆ ಎಂದಳು. ಅವಳಿಗೆ ಆಗ ಕೋಚಿಂಗ್ ಇತ್ತು. ತಪ್ಪಿಹೋದ ಪಾಠವೆಲ್ಲ ಅಲ್ಲೇ ಆಗಬೇಕಿತ್ತು. ಬೇಡ, ನೀನು ಓದು ಎಂದವಳು ಯಾಮ್ನಾಳೇ. ಆ ಮಾತು ಬಾಯಿಂದ ಹೊರಟ ಮೇಲೆ, ಇನ್ನೊಂದು ಬಾಗಿಲನ್ನೂ ತಾನೇ ಮುಚ್ಚಿದೆನೆಂದು ಅವಳಿಗೆ ತಿಳಿಯಿತು.

ಭಾನುವಾರ ಬೂಜಮಾ ಸಕ್ಕರೆಗಟ್ಟಿಯ ಉಡುಗೊರೆ ಹಿಡಿದು ಬಂದ. ಗುರುವಿನ ಕೈಗೆ ಮುತ್ತಿಟ್ಟು ಕೂತು, ತುಂಬ ಹೊತ್ತು ಅದೂ ಇದೂ ಮಾತಾಡಿ, ಕೊನೆಗೆ ಮಾಲೆಮ್‌ರನ್ನು ದಿನಾ ಅಂಗಡಿಗೆ ಕರೆದೊಯ್ದು ಸಂಜೆ ತಂದುಬಿಡುತ್ತೇನೆ ಎಂದ. ಅಲ್ಲಿ ಅವರಿಗೆ ಹೊತ್ತು ಹೋಗುತ್ತದೆ, ನನ್ನ ಕಣ್ಣೆದುರೇ ಇರುತ್ತಾರೆ. ಯಾಮ್ನಾ ಚಹಾ ಬಗ್ಗಿಸುತ್ತಿದ್ದವಳು ಕೆಟಲನ್ನು ಹಾಗೇ ಎತ್ತಿ ಹಿಡಿದಳು. ಎಂಬಾರಕ್ ಎದೆಗೆ ಕೈ ಒತ್ತಿ ಕೃತಜ್ಞತೆ ಹೇಳಿ, ಆಗುವುದಿಲ್ಲ ಎಂದ. ಅಪ್ಪ ತಮ್ಮದೇ ಆಗಿದ್ದ ಅಂಗಡಿಯಲ್ಲೇ ಗಿರಾಕಿಗಳ ಮುಂದೆ ರಿಮ್ಮಿಗೆ ಎಣ್ಣೆ ಹಚ್ಚಿಕೊಂಡು ಕೂರುವುದನ್ನು ನೋಡಲಾರೆ ಎಂದ. ಬೂಜಮಾ ಒತ್ತಾಯಿಸಲಿಲ್ಲ. ಹೋಗುವಾಗ ಬಾಗಿಲಲ್ಲಿ ಯಾಮ್ನಾಳ ಮುಖ ನೋಡದೆ ಸಲಾಂ ಹೇಳಿದ.

ಅವಳು ಶೆಡ್ಡಿಗೆ ಹೋಗಿ ಟೊಪ್ಪಿಗೆ, ಕೈಗವಸು ಕೊಟ್ಟು ಬಂದಳು. ಮುಂದಿನ ಹಂಗಾಮಿಗೆ ಬಾ ಎಂದಳು ಮೇಲ್ವಿಚಾರಕಿ. ಬೆಲ್ಟಿನ ಹತ್ತಿರ ಅವಳ ಜಾಗದಲ್ಲಿ ಆಗಲೇ ಒಬ್ಬ ಹುಡುಗಿ ನಿಂತಿದ್ದಳು.

ಅಂದಿನಿಂದ ಕಲ್ತೂಮ ಸೊಸೆಯ ಮೇಲೆ ದನಿ ಎತ್ತಲಿಲ್ಲ. ತಾಜೀನಿನ ನಡುವಿನ ಮಾಂಸದ ತುಂಡನ್ನು ಬೆರಳಲ್ಲೇ ಸರಿಸಿ ಅವಳ ಕಡೆಗೆ ಬಿಡುತ್ತಿದ್ದರು. ಮೊದಲ ಲೋಟ ಚಹಾ ಅವಳಿಗೇ. ಓಣಿಯ ಹೆಂಗಸರು ಮಕ್ಕಳ ಮಾತು ತೆಗೆದರೆ ಬಾಯಿ ಮುಚ್ಚಿಸುತ್ತಿದ್ದರು. ಒಂದು ದಿನ ಯಾಮ್ನಾ, ಅತ್ತೆ, ನನಗೆ ಇಷ್ಟು ಉಪಚಾರ ಮಾಡಬೇಡಿ ಎಂದಳು.

"ನಾನು ಮಾಡದೆ ಇನ್ನ್ಯಾರು ಮಾಡ್ತಾರೆ," ಎಂದರು ಕಲ್ತೂಮ. "ನಾನು ನಿನಗೆ ಮೊದಲೇ ಹೇಳಿದ್ದೆ."

"ಹೇಳಿದ್ರಿ. ಆದರೆ ಆ ಹುಡುಗಿ ಸಾಯ್ತಿದ್ದಳು."

"ಹೂಂ," ಎಂದರು ಅತ್ತೆ. "ಅದಕ್ಕೇ ನಿನ್ನ ಮುಖ ನೋಡೋಕೆ ನನಗಾಗಲ್ಲ."

ಕೈಪಟ್ಟಿ ಬಿಚ್ಚಿದ ಮೇಲೆ ಗಿಜ್ಲಾನ್ ಮತ್ತೆ ಸೈಕಲ್ ಹತ್ತಿದಳು. ಯಾಮ್ನಾ ಬೆಳಿಗ್ಗೆ ರಿಮ್ಮು ತೊಳೆದುಕೊಡುತ್ತಿದ್ದಳು. ಈಗ ಕದ್ದು ತೊಳೆಯಬೇಕಾಗಿರಲಿಲ್ಲ, ಅಷ್ಟೇ. ಕೋಚಿಂಗು ಹತ್ತಿರದಲ್ಲೇ ಇದ್ದುದರಿಂದ ಅಲ್ಲಿಗೆ ನಡೆದೇ ಹೋಗುತ್ತಿದ್ದಳು, ಸೈಕಲ್ಲು ಮನೆಯಲ್ಲಿ ಉಳಿಯುತ್ತಿತ್ತು. ಮಧ್ಯಾಹ್ನ ಮನೆ ಖಾಲಿ. ಕಲ್ತೂಮ ಮಂಡಿಗೆ ಬಿಸಿ ಕಾವು ಕೊಟ್ಟುಕೊಂಡು ಒಳಗೆ ಮಲಗಿರುತ್ತಿದ್ದರು. ಬೀದಿಬಾಗಿಲಿಗೆ ಎಂಬಾರಕ್ ಎತ್ತರದಲ್ಲಿ ಒಂದು ಹೊಸ ಅಗಳಿ ಹಾಕಿಸಿದ್ದ, ಸೊಂಟ ಬಾಗಿದ ಅಪ್ಪನ ಕೈಗೆ ಎಟುಕದ ಹಾಗೆ. ಯಾಮ್ನಾ ಬಟಾಣಿ ಬಿಡಿಸುತ್ತಲೋ ಬಟ್ಟೆ ಮಡಿಸುತ್ತಲೋ ಮಾವನ ಎದುರು ಕೂರುತ್ತಿದ್ದಳು. ಅವರು ಬ್ರೇಕು ಬಿಚ್ಚುತ್ತಿದ್ದರು, ಜೋಡಿಸುತ್ತಿದ್ದರು, ಮತ್ತೆ ಬಿಚ್ಚುತ್ತಿದ್ದರು.

ಮಾರ್ಚಿ ತಿಂಗಳ ಒಂದು ದಿನ ಬೀಹಿಯವರು ಸ್ಪ್ಯಾನರು ಕೆಳಗಿಟ್ಟು ಅವಳನ್ನು ನೋಡಿದರು. ಗುರುತಿನ ಎಳೆಯೂ ಆ ನೋಟದಲ್ಲಿರಲಿಲ್ಲ. ಗಿರಾಕಿಯನ್ನು ನೋಡುವ ನೋಟ ಅದು, ಮರ್ಯಾದೆಯದು.

"ತುಂಬ ಹೊತ್ತಿನಿಂದ ಕಾಯ್ತಿದ್ದೀರಲ್ಲಮ್ಮ," ಎಂದರು. "ಎಲ್ಲಿಗೆ ಹೋಗ್ಬೇಕಾಗಿತ್ತು?"

ಯಾಮ್ನಾ ಬಟಾಣಿಯ ತಟ್ಟೆಯನ್ನು ಪಕ್ಕಕ್ಕಿಟ್ಟಳು. "ಕಿತ್ತಳೆ ಶೆಡ್ಡಿಗೆ. ಮಧ್ಯಾಹ್ನದ ಪಾಳಿ."

"ಹಾಗಾದರೆ ತಡ ಮಾಡೋ ಹಾಗಿಲ್ಲ. ಆ ಇಳಿಜಾರು ಕೆಟ್ಟದ್ದು."

ಅವರು ಬಗ್ಗಿ ಕೂತು ಕೆಲಸಕ್ಕೆ ಇಳಿದರು. ರಬ್ಬರನ್ನು ಒಂದು ಕೂದಲೆಳೆಯಷ್ಟು ಸರಿಸಿ ಕೂರಿಸಿದರು, ವೈರು ಎಳೆದು ಕಚ್ಚಿಸಿದರು, ಚಕ್ರ ತಿರುಗಿಸಿ ಹಿಡಿ ಒತ್ತಿದರು. ಬೆಳಿಗ್ಗೆ ತೊಳೆದ ರಿಮ್ಮು ಇನ್ನೂ ಎಣ್ಣೆಯಿಲ್ಲದೆ ಒಣಗಿತ್ತು. ಬ್ರೇಕು ಕಿರುಚಿ ಹಿಡಿಯಿತು. ಅವರು ಎದ್ದು, ಸೊಂಟಕ್ಕೆ ಕೈ ಕೊಟ್ಟುಕೊಂಡು, ಸೈಕಲ್ಲನ್ನು ಬೀದಿಬಾಗಿಲ ತನಕ ತಳ್ಳಿಕೊಂಡು ಹೋಗಿ ನಿಂತರು. ಬಾಗಿಲು ತೆಗೆಯಲು ಆಗದೆ ತಿರುಗಿ ನೋಡಿದರು.

ಯಾಮ್ನಾ ಹೋಗಿ ಅಗಳಿ ತೆಗೆದಳು. ಬಿಸಿಲು ಓಣಿಯ ತುಂಬ ಇತ್ತು. ಬೀಹಿಯವರು ಹ್ಯಾಂಡಲನ್ನು ಅವಳ ಕೈಗೆ ಕೊಟ್ಟು, ಹೋಗಿ ಬನ್ನಿ, ಕೋಟೆಬಾಗಿಲ ಹತ್ತಿರ ಗಾಡಿ ನೋಡಿಕೊಳ್ಳಿ ಎಂದರು. ಅವಳು ಹೊಸ್ತಿಲು ದಾಟಿದಳು. ಸೀಟಿನ ಮೇಲೆ ಕೂತಳು. ಓಣಿಯ ತುದಿಯವರೆಗೆ ತುಳಿದಳು. ಅಲ್ಲಿಂದ ಎಡಕ್ಕೆ ತಿರುಗಿದರೆ ಕೋಟೆ, ಬಯಲು, ರಸ್ತೆ. ಆ ಹೊತ್ತಿಗೆ ಪಾಳಿಗೆ ಹೋಗುವ ಹೆಂಗಸರು ಇಬ್ಬರು ಮೂವರಾಗಿ ಸೈಕಲ್ ಮೇಲೆ ಮಾತಾಡಿಕೊಂಡು ಹೋಗುತ್ತಿದ್ದರು. ಅವರಲ್ಲಿ ಒಬ್ಬಳು ಕೈಯೆತ್ತಿ ಬರ್ತೀಯಾ ಎಂದು ಕೂಗಿದಳು. ಯಾಮ್ನಾ ಹಿಂದಕ್ಕೆ ನೋಡಿದಳು. ತೆರೆದ ಬಾಗಿಲಿಂದ ಮುದುಕರು ಹೊರಗೆ ಒಂದು ಹೆಜ್ಜೆ ಇಟ್ಟಿದ್ದರು. ಅತ್ತ ನೋಡಿದರು, ಇತ್ತ ನೋಡಿದರು, ಯಾವ ಕಡೆ ಹೋಗುವುದೆಂದು ತಿಳಿಯದೆ ಗೋಡೆ ತಡವಿಕೊಂಡರು.

ಅವಳು ಸೈಕಲ್ಲು ತಿರುಗಿಸಿಕೊಂಡು ಬಂದಳು. ಬಾಗಿಲ ಮುಂದೆ ಎರಡೂ ಹಿಡಿ ಒತ್ತಿದಳು. ಸೈಕಲ್ಲು ಅವರ ಕಾಲ ಬಳಿ ಗಕ್ಕನೆ ನಿಂತಿತು. ಬೀಹಿಯವರ ಮುಖ ಅರಳಿತು.

"ಹಿಡೀತಾ ಅಮ್ಮ?"

"ಹಿಡೀತು ಬಾಬಾ," ಎಂದಳು ಯಾಮ್ನಾ.

ಅವರ ಭುಜಕ್ಕೆ ಕೈ ಕೊಟ್ಟು ಒಳಗೆ ಕರೆತಂದಳು. ಸೈಕಲ್ಲನ್ನು ಗೋಡೆಗೆ ಒರಗಿಸಿ, ತುದಿಗಾಲಲ್ಲಿ ನಿಂತು ಅಗಳಿ ಹಾಕಿದಳು.